ಅಮ್ಮ ಎಲ್ಲಿರಬೇಕು ಅಂತ ತೀರ್ಮಾನಿಸಲು ನಮಗೆ 11 ತಿಂಗಳು ಬೇಕಾಯಿತು

ಅಮ್ಮ ಬಿದ್ದಿದ್ದು ರಾತ್ರಿ ಎರಡೂವರೆಗೆ. ಬಚ್ಚಲಿಗೆ ಅಂತ ಎದ್ದವಳು ಬಾಗಿಲ ಹತ್ತಿರ ಕುಸಿದಳು. ಫೋನು ಮಂಚದ ಮೇಲಿತ್ತು. ಬೆಳಿಗ್ಗೆ ಆರಕ್ಕೆ ಪಕ್ಕದ ಮನೆಯವರಿಗೆ ಅವಳ ದನಿ ಕೇಳಿಸಿತು. ಅಂದರೆ ಮೂರೂವರೆ ಗಂಟೆ, ತಣ್ಣಗಿನ ನೆಲದ ಮೇಲೆ, ಕತ್ತಲಲ್ಲಿ, ಒಬ್ಬಳೇ. ಮೂಳೆ ಮುರಿದಿರಲಿಲ್ಲ. ಮಣಿಕಟ್ಟು ಊದಿತ್ತು, ಸೊಂಟದ ಹತ್ತಿರ ರಕ್ತ ಹೆಪ್ಪುಗಟ್ಟಿ ಕಪ್ಪಾಗಿತ್ತು. ಆದರೆ ಆ ಮೂರೂವರೆ ಗಂಟೆ ಇವತ್ತಿಗೂ ನನ್ನ ತಲೆಯಿಂದ ಹೋಗಿಲ್ಲ.

ಆಗ ಅವಳಿಗೆ 79 ವರ್ಷ. ಅಪ್ಪ ತೀರಿಕೊಂಡು ನಾಲ್ಕು ವರ್ಷ ಆಗಿತ್ತು. ಅಷ್ಟೂ ದಿನ ಒಬ್ಬಳೇ ಇದ್ದಳು. ನಾವು ಮೂವರು ಮಕ್ಕಳು, ಅಣ್ಣ, ನಾನು, ತಂಗಿ. ಮೂವರೂ ಬೇರೆ ಬೇರೆ ಊರು. ದಿನಾ ಫೋನ್ ಮಾಡುತ್ತಿದ್ದೆವು. "ಚೆನ್ನಾಗಿದ್ದೀನಿ" ಅನ್ನುತ್ತಿದ್ದಳು. ನಾವು ನಂಬುತ್ತಿದ್ದೆವು. ನಂಬೋದು ಸುಲಭ ಅಲ್ವಾ?

ಆಸ್ಪತ್ರೆ ಸೇರಿದ ಮೂರನೇ ದಿನ ಅಮ್ಮ ಏನೇನೋ ಮಾತಾಡಲು ಶುರು ಮಾಡಿದಳು. ಅಪ್ಪ ಹೊರಗೆ ನಿಂತಿದ್ದಾರೆ, ಬಾಗಿಲು ತೆಗಿ ಅಂದಳು. ನನ್ನನ್ನು ತನ್ನ ಅಕ್ಕ ಅಂದುಕೊಂಡಳು. ನಾವು ಮೂವರೂ ಕಾರಿಡಾರಿನಲ್ಲಿ ನಿಂತು ಐದೇ ನಿಮಿಷದಲ್ಲಿ ತೀರ್ಮಾನಿಸಿಬಿಟ್ಟೆವು. ಇನ್ನು ಒಬ್ಬಳೇ ಇರಲು ಆಗೋದಿಲ್ಲ, ಮನೆ ಮಾರೋಣ, ಎಲ್ಲಾದರೂ ಒಳ್ಳೆಯ ಜಾಗ ನೋಡೋಣ. ತಂಗಿ ಅಲ್ಲೇ ಫೋನಿನಲ್ಲಿ ಹುಡುಕುತ್ತಿದ್ದಳು. ನಾನೂ ತಲೆಯಾಡಿಸಿದೆ.

ನಮ್ಮನ್ನು ತಡೆದವರು ವಯಸ್ಸಾದವರನ್ನೇ ನೋಡುವ ಒಬ್ಬ ವೈದ್ಯೆ. ಅವರು ಹೇಳಿದ್ದು ಇಷ್ಟು: ಮೂತ್ರದ ಸೋಂಕು ಇದೆ, ನಿದ್ದೆ ಇಲ್ಲ, ಜಾಗ ಹೊಸದು. ವಯಸ್ಸಾದವರಿಗೆ ಇಂಥ ಹೊತ್ತಿನಲ್ಲಿ ದಿಢೀರ್ ಅಂತ ಬುದ್ಧಿ ಕಲಕಿದ ಹಾಗೆ ಆಗುತ್ತದೆ. ಅದಕ್ಕೆ ಡೆಲಿರಿಯಂ ಅಂತಾರೆ. ಮರೆವಿನ ಕಾಯಿಲೆಯೇ ಬೇರೆ, ಇದೇ ಬೇರೆ. ಅದು ವರ್ಷಗಟ್ಟಲೆ ಮೆಲ್ಲಗೆ ಬರುತ್ತದೆ, ಇದು ಗಂಟೆಗಳಲ್ಲೋ ದಿನಗಳಲ್ಲೋ ಬರುತ್ತದೆ. ಸಾಮಾನ್ಯವಾಗಿ ಇಳಿಯುತ್ತದೆ, ಆದರೆ ಕೆಲವರಿಗೆ ವಾರಗಟ್ಟಲೆ ಹಿಡಿಯುತ್ತದೆ. "ಈಗಿನ ಸ್ಥಿತಿ ನೋಡಿ ಅವರು ಎಲ್ಲಿರಬೇಕು ಅಂತ ತೀರ್ಮಾನ ಮಾಡಬೇಡಿ. ಮನೆ ಅಂತೂ ಮಾರಲೇಬೇಡಿ." ಆ ಮಾತಿಗೆ ನಾನು ಇವತ್ತಿಗೂ ಋಣಿ. ಒಂಬತ್ತನೇ ದಿನಕ್ಕೆ ಅಮ್ಮ ನಮ್ಮ ಅಮ್ಮನಾಗಿದ್ದಳು, ಆಸ್ಪತ್ರೆಯ ದಿಂಬು ಸರಿಯಿಲ್ಲ ಅಂತ ಬೈಯುತ್ತಿದ್ದಳು.

ನಾನು ರಜೆ ಹಾಕಿ ಮೂರು ವಾರ ಅವಳ ಮನೆಯಲ್ಲೇ ಉಳಿದೆ. ಎರಡನೇ ದಿನ ಆ ಗೆರೆ ಕಣ್ಣಿಗೆ ಬಿತ್ತು.

ಮಂಚದ ತಲೆಯಿಂದ ಬಚ್ಚಲ ಬಾಗಿಲಿನವರೆಗೆ, ಗೋಡೆಯ ಮೇಲೆ, ಸೊಂಟಕ್ಕಿಂತ ಸ್ವಲ್ಪ ಮೇಲೆ, ಒಂದು ಮಸುಕಾದ ಕಪ್ಪು ಪಟ್ಟಿ. ಅಂಗೈಯಷ್ಟು ಅಗಲ. ನಡುವೆ ಬೀರು ಇರುವ ಕಡೆ ಪಟ್ಟಿ ನಿಲ್ಲುತ್ತದೆ. ಅಲ್ಲಿ ಬೀರುವಿನ ಅಂಚಿನ ಪಾಲಿಶ್ ಸವೆದು ಮರದ ಬಣ್ಣ ಕಾಣುತ್ತದೆ. ಬೀರು ಮುಗಿದ ಮೇಲೆ ಮತ್ತೆ ಗೋಡೆಯ ಮೇಲೆ ಪಟ್ಟಿ. ಅದು ಅಮ್ಮನ ಕೈ. ಪ್ರತಿ ರಾತ್ರಿ ಮೂರು ಸಲ, ನಾಲ್ಕು ಸಲ, ಗೋಡೆ ಹಿಡಿದು ನಡೆದ ಕೈ. ಒಂದು ವಾರದಲ್ಲಿ ಆಗುವ ಕಲೆ ಅಲ್ಲ ಅದು. ನಾವು ಬಂದಾಗಲೆಲ್ಲ ನೋಡಿದ್ದೆವು. ಹಿಂದಿನ ವರ್ಷ ತಂಗಿ "ಗೋಡೆ ಕೊಳೆಯಾಗಿದೆ, ಬಣ್ಣ ಹೊಡೆಸಬೇಕು" ಅಂದಿದ್ದಳು.

ಅವತ್ತೇ ಒಂದು ನೋಟ್‌ಬುಕ್ ತಂದೆ. ಒಂದು ದಿನಕ್ಕೆ ಒಂದು ಪುಟ, ಒಂದು ಗಂಟೆಗೆ ಒಂದು ಸಾಲು. ಅಮ್ಮ ಆ ಗಂಟೆಯಲ್ಲಿ ಏನು ಮಾಡಿದಳು, ಎಲ್ಲಿ ತಡೆದಳು, ಎಲ್ಲಿ ಯಾರ ಸಹಾಯ ಬೇಕಾಯಿತು, ಅಷ್ಟೇ. ಕದ್ದು ಬರೆಯಲಿಲ್ಲ, ಅವಳಿಗೆ ಹೇಳಿಯೇ ಬರೆದೆ. ಮೊದಲು ಸಿಟ್ಟಾದಳು. ಎರಡು ದಿನ ಆದ ಮೇಲೆ ತಾನೇ ತಿದ್ದಲು ಶುರು ಮಾಡಿದಳು, "ಹತ್ತಕ್ಕಲ್ಲ, ಹತ್ತೂವರೆಗೆ ಸ್ನಾನ ಮಾಡಿದ್ದು" ಅಂತ. ಅಪ್ಪ ಅಮ್ಮನ ಬಗ್ಗೆ ಇಂಥ ಯೋಚನೆಯಲ್ಲಿರುವ ಯಾರಾದರೂ ನನ್ನನ್ನು ಕೇಳಿದರೆ ಮೊದಲು ಹೇಳೋದು ಇದನ್ನೇ. ಜಾಗಗಳನ್ನು ಆಮೇಲೆ ನೋಡಿ, ಮೊದಲು ಒಂದು ದಿನದ 24 ಗಂಟೆ ನೋಡಿ.

ಆ ವೈದ್ಯೆ ಮುಂದಿನ ಭೇಟಿಯಲ್ಲಿ ಆರು ಪ್ರಶ್ನೆ ಕೇಳಿದರು. ಸ್ನಾನ, ಬಟ್ಟೆ ಹಾಕಿಕೊಳ್ಳೋದು, ಶೌಚಕ್ಕೆ ಹೋಗಿಬರೋದು, ಮಂಚದಿಂದ ಕುರ್ಚಿಗೆ ಏಳೋದು, ಮಲಮೂತ್ರದ ಹಿಡಿತ, ಊಟ. ಈ ಆರರಲ್ಲಿ ಯಾವುದಕ್ಕೆ ಇನ್ನೊಬ್ಬರ ಕೈ ಬೇಕು? ಇದು ಸಿಡ್ನಿ ಕಾಟ್ಜ್ ಅನ್ನುವ ವೈದ್ಯರು ತಮ್ಮ ತಂಡದ ಜೊತೆ 1963ರಲ್ಲಿ ಪ್ರಕಟಿಸಿದ ಪಟ್ಟಿ, ಈಗಲೂ ಎಲ್ಲ ಕಡೆ ಬಳಸುತ್ತಾರೆ. ಸಾಮಾನ್ಯವಾಗಿ ಮೊದಲು ಕೈಬಿಟ್ಟು ಹೋಗೋದು ಸ್ನಾನ, ಕೊನೆಗೆ ಊಟ. ಇನ್ನೊಂದು ಪಟ್ಟಿ 1969ರದ್ದು, ಲಾಟನ್ ಮತ್ತು ಬ್ರೋಡಿ ಮಾಡಿದ್ದು. ಅದರಲ್ಲಿ ಎಂಟು ಕೆಲಸ. ಫೋನ್, ಅಂಗಡಿ, ಅಡುಗೆ, ಮನೆ ಕೆಲಸ, ಬಟ್ಟೆ ಒಗೆಯೋದು, ಓಡಾಟ, ಔಷಧಿ, ಹಣದ ಲೆಕ್ಕ. ಮೊದಲ ಪಟ್ಟಿಯಲ್ಲಿ ಅಮ್ಮನಿಗೆ ಸ್ನಾನಕ್ಕೆ ಮಾತ್ರ ಸಹಾಯ ಬೇಕಿತ್ತು. ಎರಡನೆಯದರಲ್ಲಿ ಔಷಧಿ, ಹಣ, ಅಂಗಡಿ ಮೂರೂ ತಪ್ಪುತ್ತಿದ್ದವು. ನಾವು ಕಾರಿಡಾರಿನಲ್ಲಿ ಅಂದುಕೊಂಡ ಅಮ್ಮನಿಗೂ ಈ ಪಟ್ಟಿಯಲ್ಲಿರುವ ಅಮ್ಮನಿಗೂ ಎಷ್ಟೊಂದು ವ್ಯತ್ಯಾಸ.

ಔಷಧಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಡಬ್ಬಿಯಲ್ಲಿ ಒಂಬತ್ತು ಥರದ ಮಾತ್ರೆ ಇತ್ತು. ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ವೈದ್ಯರ ಮೇಜಿನ ಮೇಲೆ ಸುರಿದೆ. ಅದರಲ್ಲಿ ಎರಡು ಒಂದೇ ಔಷಧಿ, ಕಂಪನಿ ಹೆಸರು ಮಾತ್ರ ಬೇರೆ. ಇಬ್ಬರು ವೈದ್ಯರು ಬರೆದುಕೊಟ್ಟಿದ್ದು, ಎರಡನ್ನೂ ನುಂಗುತ್ತಿದ್ದಳು. ಆಮೇಲೆ ಅಮ್ಮನನ್ನು ಮಲಗಿಸಿ ಒಮ್ಮೆ ಬಿಪಿ ನೋಡಿದರು, ನಿಲ್ಲಿಸಿ ಮತ್ತೆ ನೋಡಿದರು. ಮಲಗಿದಾಗ 146, ನಿಂತ ಮೂರು ನಿಮಿಷದೊಳಗೆ 118. 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಎದ್ದಾಗ ಕಣ್ಣು ಕತ್ತಲೆ ಬರಬಹುದು, ಬೀಳಬಹುದು ಅಂದರು. ಮಾತ್ರೆ ಬದಲಾಯಿತು. ಎದ್ದ ತಕ್ಷಣ ನಡೆಯಬಾರದು, ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂರಬೇಕು ಅಂತಾಯಿತು. 65 ದಾಟಿದವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ಪ್ರತಿ ವರ್ಷ ಬೀಳುತ್ತಾರಂತೆ. ಬಿದ್ದಿದ್ದು ಯಾಕೆ ಅಂತ ಮೊದಲು ನೋಡಬೇಕು, ಎಲ್ಲಿರಬೇಕು ಅನ್ನೋದು ಆಮೇಲಿನ ಮಾತು.

ಅಲ್ಲೇ ಇನ್ನೊಂದು ಪರೀಕ್ಷೆ ಮಾಡಿಸಿದರು, ಮನೆಯಲ್ಲೂ ಮಾಡಬಹುದು, ಆದರೆ ಪಕ್ಕದಲ್ಲಿ ಒಬ್ಬರು ನಿಂತಿರಬೇಕು. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು, ಮತ್ತೆ ಕೂರಬೇಕು. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ಅಮ್ಮನಿಗೆ 19 ಹಿಡಿಯಿತು. ಫಿಸಿಯೋಥೆರಪಿ ಮಾಡಿಸಿದ ಎರಡು ತಿಂಗಳ ಮೇಲೆ 14ಕ್ಕೆ ಬಂತು.

ನೋಟ್‌ಬುಕ್ ಇಲ್ಲದಿದ್ದರೆ ನನಗೆ ಗೊತ್ತೇ ಆಗದಿದ್ದ ಒಂದು ಸಂಗತಿ ಇದೆ. ಸಂಜೆ ಐದರ ನಂತರದ ಯಾವ ಸಾಲಿನಲ್ಲೂ ನೀರು ಇರಲಿಲ್ಲ. ಊಟದ ಜೊತೆ ಒಂದು ಗುಟುಕು, ಮಾತ್ರೆಗೆ ಒಂದು ಗುಟುಕು, ಅಷ್ಟೇ. ಯಾಕಮ್ಮ ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ, "ಕುಡಿದರೆ ರಾತ್ರಿ ಏಳಬೇಕಲ್ಲ" ಅಂದಳು. ಬಿದ್ದ ಮೇಲೆ ಶುರುವಾದ ಹೆದರಿಕೆಯಲ್ಲ ಇದು, ಒಂದು ವರ್ಷದಿಂದ ಹೀಗೇ ಅಂತೆ. ನೀರು ಕಡಿಮೆಯಾದರೆ ಸೋಂಕಿಗೂ ದಾರಿ, ತಲೆಸುತ್ತಿಗೂ ದಾರಿ ಅಂತ ವೈದ್ಯರು ಹೇಳಿದರು. ಬೀಳಬಾರದು ಅಂತ ನೀರು ಬಿಟ್ಟಿದ್ದಳು, ನೀರು ಬಿಟ್ಟಿದ್ದೂ ಬೀಳಲು ಒಂದು ಕಾರಣ.

ಮನೆಯನ್ನೇ ಸರಿ ಮಾಡೋಣ ಅಂತ ಮೊದಲು ಹೊರಟೆವು. ಕಮೋಡಿನ ಪಕ್ಕದಲ್ಲಿ, ಸ್ನಾನದ ಜಾಗದಲ್ಲಿ ಗೋಡೆಗೆ ಸ್ಕ್ರೂ ಹಾಕಿದ ಹಿಡಿಕೆ ಹಾಕಿಸಿದೆವು. ರಬ್ಬರ್ ಕಪ್ಪಿನಿಂದ ಅಂಟಿಸುವ ಹಿಡಿಕೆ ಬೇಡವೇ ಬೇಡ, ಭಾರ ಬಿದ್ದಾಗ ಕಿತ್ತು ಬರುತ್ತದೆ. ಕಾಲೊರಸು ಚಾಪೆಗಳನ್ನೆಲ್ಲ ತೆಗೆದೆವು. ಮಂಚದಿಂದ ಬಚ್ಚಲಿನವರೆಗೆ ರಾತ್ರಿಯಿಡೀ ಉರಿಯುವ ಸಣ್ಣ ದೀಪ. ಗೋಡೆಯ ಆ ಗೆರೆಯ ಮೇಲೆಯೇ ಉದ್ದಕ್ಕೂ ಒಂದು ಮರದ ಹಿಡಿಕೆ ಹಾಕಿಸಿದೆ, ಅದೇ ಎತ್ತರಕ್ಕೆ, ಬೀರು ಬೇರೆ ಕಡೆ ಸರಿಸಿ. ಬಚ್ಚಲ ಬಾಗಿಲು ಒಳಗೆ ತೆರೆಯುತ್ತಿತ್ತು, ಅದನ್ನು ಹೊರಗೆ ತೆರೆಯುವ ಹಾಗೆ ಮಾಡಿಸಿದೆವು. ಒಳಗೆ ಬಿದ್ದವರ ದೇಹವೇ ಬಾಗಿಲಿಗೆ ಅಡ್ಡ ಬಂದರೆ ಹೊರಗಿನಿಂದ ತೆರೆಯಲು ಆಗೋದಿಲ್ಲ. ಇದು ನಮಗೆ ಹೊಳೆದಿರಲಿಲ್ಲ, ಫಿಸಿಯೋಥೆರಪಿಸ್ಟ್ ಹೇಳಿದ್ದು. ಕುತ್ತಿಗೆಗೆ ಹಾಕಿಕೊಂಡು ಒತ್ತಿದರೆ ನಮಗೆಲ್ಲ ಕರೆ ಬರುವ ಅಲಾರಂ ಕೂಡ ತಂದೆವು. ಅದು ಮೊಳೆಗೆ ನೇತಾಡುತ್ತಿತ್ತು. "ಹಾಕಿಕೊಂಡರೆ ಬೀಳ್ತೀನಿ ಅಂತ ನಾನೇ ಒಪ್ಪಿದ ಹಾಗೆ" ಅಂದಳು. ನನಗೆ ವಾದ ಮಾಡಲು ಬಾಯಿ ಬರಲಿಲ್ಲ.

ಮೂರು ತಿಂಗಳು ಹೀಗೆ ನಡೆಯಿತು. ಹಗಲು ಪರವಾಗಿಲ್ಲ. ರಾತ್ರಿ ಮಾತ್ರ ಹೆದರಿಕೆ ಹೋಗಲಿಲ್ಲ, ನೀರು ಕುಡಿಯಲಿಲ್ಲ. ಮತ್ತೊಂದು ಸೋಂಕು ಬಂತು.

ಅಣ್ಣ ತನ್ನ ಮನೆಗೆ ಕರೆದುಕೊಂಡು ಹೋದ. ಅವನ ಮನೆ ಏಳನೇ ಮಹಡಿ, ಲಿಫ್ಟ್ ಇದೆ, ಅಮ್ಮನಿಗೇ ಒಂದು ರೂಮ್ ಖಾಲಿ ಮಾಡಿಕೊಟ್ಟರು. ಮಕ್ಕಳ ಜೊತೆ ಇದ್ದರೆ ಎಲ್ಲ ಸರಿಹೋಗುತ್ತದೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೂ ಹೊರಡುತ್ತಾರೆ, ಸಂಜೆ ಆರೂವರೆಗೆ ಬರುತ್ತಾರೆ. ನೋಟ್‌ಬುಕ್ ಅವಳ ಜೊತೆ ಹೋಗಿತ್ತು, ಅತ್ತಿಗೆ ಬರೆಯುತ್ತಿದ್ದರು. ಹಗಲಿನ ಸಾಲುಗಳನ್ನು ಅಮ್ಮ ಹೇಳಿ ಬರೆಸುತ್ತಿದ್ದಳು. ಒಂದು ಪುಟದಲ್ಲಿ "11ರಿಂದ 4, ಕಿಟಕಿ" ಅಂತಿತ್ತು. ಮುಂದಿನ ಪುಟದಲ್ಲೂ ಅದೇ. ಅದರ ಮುಂದಿನದರಲ್ಲೂ. ಅವಳ ಮನೆಯಲ್ಲಾದರೆ ಆ ಹೊತ್ತಿಗೆ ಕುಂಡಗಳಿಗೆ ನೀರು ಹಾಕುತ್ತಿದ್ದಳು, ಗೇಟಿನ ಹತ್ತಿರ ನಿಂತು ಹೋಗಿಬರುವವರನ್ನು ಮಾತಾಡಿಸುತ್ತಿದ್ದಳು. ಇಲ್ಲಿ ಟಿವಿ ಹಾಕಲೂ ಸಂಜೆಯವರೆಗೆ ಕಾಯುತ್ತಿದ್ದಳಂತೆ, ರಿಮೋಟ್ ಅವರದ್ದು ಅಂತ.

ಅಣ್ಣನದ್ದೂ ಅತ್ತಿಗೆಯದ್ದೂ ತಪ್ಪಿಲ್ಲ, ಇದನ್ನು ನಾನು ಒತ್ತಿ ಹೇಳಬೇಕು. ಅಣ್ಣ ಎರಡು ತಿಂಗಳು ಪ್ರತಿ ರಾತ್ರಿ ಎರಡಕ್ಕೆ ಎದ್ದು ಅವಳ ರೂಮಿಗೆ ಹೋಗಿ ಬರುತ್ತಿದ್ದ. ಬೆಳಿಗ್ಗೆ ಕೆಲಸಕ್ಕೆ ಗಾಡಿ ಓಡಿಸುವಾಗ ಕಣ್ಣು ಎಳೆಯುತ್ತದೆ ಅಂತ ನನಗೊಬ್ಬಳಿಗೇ ಹೇಳಿದ. ಸ್ನಾನ ಮಾಡಿಸೋದು ಅತ್ತಿಗೆ, ಬಟ್ಟೆ ಅತ್ತಿಗೆ, ಆಸ್ಪತ್ರೆಗೆ ರಜೆ ಹಾಕೋದು ಅತ್ತಿಗೆ. ನಾವು ತಂಗಿಯರು ಫೋನಿನಲ್ಲಿ "ಅಮ್ಮ ಹೇಗಿದ್ದಾಳೆ" ಅಂತ ಕೇಳುತ್ತಿದ್ದೆವು, "ನೀವು ಹೇಗಿದ್ದೀರಿ" ಅಂತ ಒಂದು ಸಲವೂ ಕೇಳಿರಲಿಲ್ಲ. ಆರೈಕೆ ಮಾಡುವವರಿಗೆ ಅಂತಲೇ ಜಾರಿಟ್ ಅನ್ನುವವರು ಮಾಡಿದ 22 ಪ್ರಶ್ನೆಗಳ ಒಂದು ಪಟ್ಟಿ ಇದೆ, ನಿಮಗೆ ನಿಮ್ಮದೇ ಅಂತ ಸಮಯ ಉಳಿದಿದೆಯಾ, ನಿಮ್ಮ ಆರೋಗ್ಯ ಕೆಟ್ಟಿದೆಯಾ, ಇಂಥವು. ಆ ವೈದ್ಯೆ ಅದನ್ನು ಅತ್ತಿಗೆಗೆ ಕೊಟ್ಟರು. ಅರ್ಧ ತುಂಬುವಷ್ಟರಲ್ಲಿ ಅವರು ಪೆನ್ನು ಕೆಳಗಿಟ್ಟು ಅತ್ತರು. ಎರಡು ತಿಂಗಳಲ್ಲಿ ಅವರು ಒಂದು ಮಾತೂ ಆಡಿರಲಿಲ್ಲ. ಮನೆಯಲ್ಲಿ ನೋಡಿಕೊಳ್ಳುತ್ತೇವೆ ಅನ್ನುವಾಗ "ನೋಡಿಕೊಳ್ಳೋದು" ಅಂದರೆ ಯಾರ ಎರಡು ಕೈ ಅಂತ ಮೊದಲೇ ಕೂತು ಮಾತಾಡಿ. ದಯವಿಟ್ಟು ಮಾತಾಡಿ.

ಅಮ್ಮ ಮತ್ತೆ ತನ್ನ ಮನೆಗೆ ಬಂದಳು. ಈ ಸಲ ರಾತ್ರಿಗೆ ಒಬ್ಬರು ಕೇರ್ ಟೇಕರ್ ಇಟ್ಟೆವು, ಒಂದು ಏಜೆನ್ಸಿ ಮೂಲಕ. ಐದು ವಾರದಲ್ಲಿ ನಾಲ್ಕು ಜನ ಬದಲಾದರು. ಒಬ್ಬರು ತುಂಬಾ ಒಳ್ಳೆಯವರು, ಅವರ ಮನೆಯಲ್ಲೇ ಯಾರಿಗೋ ಹುಷಾರಿಲ್ಲ ಅಂತ ಬಿಟ್ಟರು. ಒಂದು ರಾತ್ರಿ ಯಾರೂ ಬರಲಿಲ್ಲ, ಏಜೆನ್ಸಿಯ ಫೋನೂ ಎತ್ತಲಿಲ್ಲ, ತಂಗಿ ಮೂರು ಗಂಟೆ ಗಾಡಿ ಓಡಿಸಿಕೊಂಡು ಬಂದಳು. ಹಗಲಿಗೂ ರಾತ್ರಿಗೂ ಜನ ಇಟ್ಟು, ಒಬ್ಬರು ತಪ್ಪಿದರೆ ಇನ್ನೊಬ್ಬರು ಅಂತ ಲೆಕ್ಕ ಹಾಕಿದಾಗ ತಿಂಗಳ ಖರ್ಚು ನಾವು ಆಮೇಲೆ ನೋಡಿದ ಎಲ್ಲ ಜಾಗಗಳಿಗಿಂತ ಜಾಸ್ತಿಯೇ ಬಂತು. ಒಂದೆರಡು ಗಂಟೆಯ ಸಹಾಯ ಸಾಕು ಅನ್ನುವವರಿಗೆ ಈ ದಾರಿ ಚೆನ್ನಾಗಿಯೇ ನಡೆಯುತ್ತದೆ. ನಮಗೆ ಬೇಕಿದ್ದ ಗಂಟೆಗಳು ರಾತ್ರಿಯವು.

ಒಂದು ಭಾನುವಾರ ಮೂವರೂ ಅಮ್ಮನ ಮನೆಯಲ್ಲಿ ಸೇರಿದ್ದೆವು. ಮತ್ತೆ ಅದೇ ಚರ್ಚೆ. ನನ್ನ ಮನೆಗೆ ಬರಲಿ, ಇಲ್ಲ ತಂಗಿಯ ಮನೆಗೆ, ಆರು ಆರು ತಿಂಗಳು ಹಂಚಿಕೊಳ್ಳೋಣ. ದನಿ ಏರಿತು. ಅಮ್ಮ ಬಾಗಿಲಲ್ಲಿ ಗೋಡೆಯ ಹಿಡಿಕೆ ಹಿಡಿದು ನಿಂತಿದ್ದಳು. "ಏಳು ತಿಂಗಳಾಯಿತು, ನನ್ನನ್ನು ಯಾರೂ ಕೇಳಲಿಲ್ಲ" ಅಂದಳು.

ಕೇಳಿದೆವು. ಅವಳಿಗೆ ಉತ್ತರ ತಯಾರಿತ್ತು. ರಾತ್ರಿ ಯಾರಾದರೂ ಎಚ್ಚರ ಇರಬೇಕು, ಮಲಗಿರುವವರನ್ನು ಎಬ್ಬಿಸೋದು ತನಗೆ ಆಗದು. ತನ್ನ ರೂಮಿಗೆ ಒಳಗಿನಿಂದ ಚಿಲಕ ಇರಬೇಕು. ಬೆಳಗಿನ ಬಿಸಿಲು ಬರಬೇಕು. ಕುಂಡಗಳು ಬರಬೇಕು. ಮಕ್ಕಳ ಮನೆ ಬೇಡ. "ನಿಮ್ಮ ಮನೆಯಲ್ಲಿ ನಾನು ನೆಂಟಳು. ಎರಡು ದಿನಕ್ಕೆ ಚೆನ್ನ." ವೃದ್ಧಾಶ್ರಮ ಅನ್ನುವ ಪದವನ್ನು ನಾವು ಏಳು ತಿಂಗಳು ಬಾಯಿಗೆ ತಂದಿರಲಿಲ್ಲ. ಅವಳೇ ಅದನ್ನು ಮೊದಲು ಹೇಳಿದಳು, ಸಲೀಸಾಗಿ. ಅಣ್ಣ ಎದ್ದು ಹೊರಗೆ ಹೋದ. ಅವನಿಗೆ ಅದು ತುಂಬಾ ನೋವಾಯಿತು, ಇವತ್ತಿಗೂ ಪೂರ್ತಿ ಹೋಗಿಲ್ಲ.

ಹುಡುಕಲು ಹೊರಟ ಮೇಲೆ ಗೊತ್ತಾಯಿತು, ಒಂದೇ ಹೆಸರಿನಡಿ ನಾಲ್ಕು ಬೇರೆ ಬೇರೆ ವ್ಯವಸ್ಥೆ ಇರುತ್ತದೆ. ಎಲ್ಲ ತಾವೇ ಮಾಡಿಕೊಳ್ಳಬಲ್ಲವರಿಗೆ ಸ್ವಂತ ಫ್ಲಾಟು, ಊಟ ಮತ್ತು ಜೊತೆ ಮಾತ್ರ ಕೊಡುವಂಥವು. ಸ್ನಾನ, ಔಷಧಿ, ಓಡಾಟಕ್ಕೆ ಸಹಾಯ ಮಾಡುವ ಅಸಿಸ್ಟೆಡ್ ಲಿವಿಂಗ್. ಹಗಲೂ ರಾತ್ರಿ ನರ್ಸ್ ಬೇಕಾದವರಿಗೆ ನರ್ಸಿಂಗ್ ಕೇರ್. ಮರೆವಿನ ಕಾಯಿಲೆ ಇದ್ದು ದಾರಿ ತಪ್ಪಿ ಹೋಗುವವರಿಗೆ ಅಂತಲೇ ಮಾಡಿದ ಮೆಮೊರಿ ಕೇರ್. ಕೆಲವು ಕಡೆ ಎಲ್ಲವೂ ಒಂದೇ ಆವರಣದಲ್ಲಿ ಇರುತ್ತದೆ, ಅಗತ್ಯ ಹೆಚ್ಚಿದ ಹಾಗೆ ಒಂದರಿಂದ ಇನ್ನೊಂದಕ್ಕೆ. ನಮಗೆ ಎರಡನೆಯದು ಬೇಕು ಅಂತ ನೋಟ್‌ಬುಕ್ ನೋಡಿದರೆ ಕಾಣುತ್ತಿತ್ತು.

ಐದು ಜಾಗ ನೋಡಿದೆ. ಮೊದಲನೆಯದರ ಮುಂಭಾಗ ಹೋಟೆಲಿನ ಹಾಗಿತ್ತು. ರಾತ್ರಿ ಎಷ್ಟು ಜನ ಎಚ್ಚರ ಇರುತ್ತಾರೆ, ಎಷ್ಟು ಹಿರಿಯರಿಗೆ ಅಂತ ಕೇಳಿದೆ. "ಸಾಕಷ್ಟು ಜನ ಇರ್ತಾರೆ" ಅಂದರು. ಮತ್ತೆ ಕೇಳಿದೆ, ಮತ್ತೆ ಅದೇ ಉತ್ತರ. ಸಂಖ್ಯೆ ಕೇಳಿದವರಿಗೆ ಸಂಖ್ಯೆ ಕೊಡದ ಜಾಗ ಬೇಡ ಅಂತ ಹೊರಬಂದೆ. ಎರಡನೆಯದಕ್ಕೆ ಹೇಳದೆ ಹೋದೆ, ಸಂಜೆ ಏಳಕ್ಕೆ. ಭೇಟಿಗೆ ಕರೆಯುವವರು ಬೆಳಿಗ್ಗೆ ಹನ್ನೊಂದಕ್ಕೆ ಕರೆಯುತ್ತಾರೆ, ಆಗ ಎಲ್ಲ ಕಡೆಯೂ ಚೆನ್ನಾಗಿರುತ್ತದೆ. ಸಂಜೆ, ಊಟದ ಹೊತ್ತು, ರಜಾ ದಿನ ಹೋಗಬೇಕು. ಅಲ್ಲಿ ಒಂದು ರೂಮಿನ ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಒಳಗಿನವರು ಬೆಲ್ ಒತ್ತಿದ್ದಾರೆ ಅಂತ ಅರ್ಥ. ನಾನು ಗಡಿಯಾರ ನೋಡಿದೆ. ಆರು ನಿಮಿಷ ಆದ ಮೇಲೆ ಹೋಗಿ ಸಿಬ್ಬಂದಿಗೆ ಹೇಳಿದೆ, "ಬರ್ತಾರೆ" ಅಂದರು. ಬಂದಿದ್ದು 14 ನಿಮಿಷಕ್ಕೆ. ನನ್ನ ಕಣ್ಣ ಮುಂದೆ ಅಮ್ಮನ ಬಚ್ಚಲ ಬಾಗಿಲೇ ಬಂತು. ಮೂರನೆಯ ಜಾಗದಲ್ಲಿ ಎಲ್ಲರನ್ನೂ ಟಿವಿ ಮುಂದೆ ಸಾಲಾಗಿ ಕೂರಿಸಿದ್ದರು, ಅರ್ಧ ಜನ ನಿದ್ದೆ ಮಾಡುತ್ತಿದ್ದರು. ಐದನೆಯದು ತುಂಬಾ ದೂರ.

ನಾಲ್ಕನೆಯದು ಹಳೆಯ ಕಟ್ಟಡ. ಗೋಡೆಗೆ ಬಣ್ಣ ಬೇಕಿತ್ತು. 22 ಜನ ಹಿರಿಯರು, ರಾತ್ರಿ ಮೂವರು ಎಚ್ಚರ, ಒಬ್ಬರು ನರ್ಸ್, ಕೇಳಿದ ತಕ್ಷಣ ಹೇಳಿದರು. ನಾನು ಕಾರಿಡಾರಿನಲ್ಲಿ ನಿಂತಿದ್ದಾಗ ಒಬ್ಬ ಸಹಾಯಕಿ ಒಂದು ಬಾಗಿಲು ತಟ್ಟಿದಳು. ಬಾಗಿಲು ಅರ್ಧ ತೆರೆದೇ ಇತ್ತು, ಒಳಗಿನ ಅಜ್ಜಿ ನನಗೇ ಕಾಣುತ್ತಿದ್ದರು. ಆದರೂ ತಟ್ಟಿದಳು, ನಿಂತಳು. ಅಜ್ಜಿ ನಿಧಾನಕ್ಕೆ ಕನ್ನಡಕ ತೆಗೆದಿಟ್ಟು "ಬಾ" ಅಂದ ಮೇಲೆ ಒಳಗೆ ಹೋದಳು. ನೆಲದ ಮೇಲೆ ಕೂತು, ಅವರ ಮುಖ ನೋಡುತ್ತಾ ಚಪ್ಪಲಿ ಹಾಕಿದಳು. ನಾನು ನೋಡುತ್ತಿದ್ದೇನೆ ಅಂತ ಅವಳಿಗೆ ಗೊತ್ತಿರಲಿಲ್ಲ. ಆ ಒಂದು ನಿಮಿಷಕ್ಕೆ ನಾನು ಬೇರೆ ಎಲ್ಲದಕ್ಕಿಂತ ಜಾಸ್ತಿ ಬೆಲೆ ಕೊಟ್ಟೆ. ಈಗಲೂ ಕೊಡುತ್ತೇನೆ.

ಮುಂದಿನ ವಾರ ಅಮ್ಮನನ್ನು ಕರೆದುಕೊಂಡು ಹೋದೆ. ಅವಳು ಮ್ಯಾನೇಜರ್ ಜೊತೆ ಜಾಸ್ತಿ ಮಾತಾಡಲಿಲ್ಲ. ಅಂಗಳದಲ್ಲಿ ಕೂತಿದ್ದ ತನ್ನ ವಯಸ್ಸಿನ ಒಬ್ಬರ ಪಕ್ಕ ಹೋಗಿ ಕೂತು, "ರಾತ್ರಿ ಬೆಲ್ ಒತ್ತಿದರೆ ಬರ್ತಾರಾ? ಬೈಯೋದಿಲ್ವಾ?" ಅಂತ ಕೇಳಿದಳು. ನಾನು ಐದು ಜಾಗಗಳಲ್ಲಿ ಕೇಳಿದ ಯಾವ ಪ್ರಶ್ನೆಯಲ್ಲೂ "ಬೈಯೋದಿಲ್ವಾ" ಇರಲಿಲ್ಲ.

ಕರಾರು ಪತ್ರ ಮೂರು ಸಲ ಓದಿದೆವು, ಒಬ್ಬ ವಕೀಲರಿಗೂ ತೋರಿಸಿದೆವು. ತಿಂಗಳ ಹಣದಲ್ಲಿ ಏನು ಸೇರಿದೆ, ಏನು ಬೇರೆ. ಪ್ರತಿ ವರ್ಷ ಎಷ್ಟು ಏರುತ್ತದೆ. ಬಿಟ್ಟು ಹೋದರೆ ಠೇವಣಿ ಎಷ್ಟು ದಿನದಲ್ಲಿ ವಾಪಸ್. ಆಸ್ಪತ್ರೆಗೆ ಸೇರಿದರೆ ರೂಮ್ ಎಷ್ಟು ದಿನ ಇಟ್ಟಿರುತ್ತಾರೆ. ಮುಖ್ಯವಾದದ್ದು, ಅಗತ್ಯ ಹೆಚ್ಚಾದರೆ ಏನು. ಏಳಿಸಲು ಇಬ್ಬರು ಬೇಕಾಗುವ ಹಂತ ಬಂದರೆ ಬೇರೆ ಕಡೆ ಹೋಗಬೇಕು ಅಂತ ಎಂಟನೇ ಪುಟದಲ್ಲಿತ್ತು. ಅದು ಗೊತ್ತಿದ್ದೇ ಸಹಿ ಹಾಕಿದೆವು, ಅಮ್ಮನಿಗೂ ಓದಿ ಹೇಳಿದೆವು. ಅದೇ ವಾರ ಅಮ್ಮ ತನ್ನ ಹಣಕಾಸು ನೋಡಿಕೊಳ್ಳಲು ತಂಗಿಗೆ ಅಧಿಕಾರ ಪತ್ರ ಬರೆದುಕೊಟ್ಟಳು. ತನಗೆ ಹೇಳಲು ಆಗದ ಹೊತ್ತಿನಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತಲೂ ಬರೆಸಿದಳು. ಬುದ್ಧಿ ತಿಳಿಯಾಗಿರುವಾಗಲೇ ಇದಾಗಬೇಕು. ಆಸ್ಪತ್ರೆಯ ಆ ಮೂರನೇ ದಿನ ನೆನೆಸಿಕೊಂಡರೆ ಯಾಕೆ ಅಂತ ಗೊತ್ತಾಗುತ್ತದೆ.

ಮೊದಲು ಒಂದು ತಿಂಗಳು ಇದ್ದು ನೋಡೋದು ಅಂತ ಮಾತಾಯಿತು. ಮನೆ ಹಾಗೇ ಇಟ್ಟೆವು. ಅವಳ ಕುರ್ಚಿ, ಗೋಡೆ ಗಡಿಯಾರ, ಹೊದಿಕೆ, ನಾಲ್ಕು ಕುಂಡ ಹೋದವು. ಮಂಚವನ್ನು ಮನೆಯಲ್ಲಿದ್ದ ಹಾಗೇ ಹಾಕಿಸಿದೆ, ಎದ್ದರೆ ಬಲಗೈಗೆ ಗೋಡೆ ಸಿಗುವ ಹಾಗೆ.

ಮೊದಲ ಎರಡು ವಾರ ಕಷ್ಟ. ಫೋನಿನಲ್ಲಿ ಅತ್ತಳು. ಊಟ ಬಿಟ್ಟಳು. ತಪ್ಪು ಮಾಡಿದೆವಾ ಅಂತ ನಾನು ರಾತ್ರಿಯೆಲ್ಲ ಹೊರಳಾಡಿದೆ. ಜಾಗ ಬದಲಾದಾಗ ಹಿರಿಯರಿಗೆ ಆಗುವ ಈ ಸಂಕಟಕ್ಕೆ ನರ್ಸಿಂಗ್ ಶಾಸ್ತ್ರದಲ್ಲಿ 1992ರಿಂದಲೇ ಒಂದು ಹೆಸರಿದೆ, ರಿಲೊಕೇಶನ್ ಸ್ಟ್ರೆಸ್ ಸಿಂಡ್ರೋಮ್ ಅಂತ. ನರ್ಸ್ ಅದನ್ನು ವಿವರಿಸಿ, ಮೊದಲ ವಾರಗಳಲ್ಲಿ ಇದು ತುಂಬಾ ಜನರಿಗೆ ಆಗುತ್ತದೆ, ದಿನಾ ಒಂದೇ ಹೊತ್ತಿಗೆ ಫೋನ್ ಮಾಡಿ, ಬರುತ್ತೇನೆ ಅಂದ ದಿನ ತಪ್ಪಿಸಬೇಡಿ ಅಂದರು. ಹಾಗೇ ಮಾಡಿದೆವು.

ಒಂದು ಜಗಳ ಮಾತ್ರ ಆಡಿದೆ. ಕುಂಡಗಳಿಗೆ ನಮ್ಮ ಸಿಬ್ಬಂದಿಯೇ ನೀರು ಹಾಕುತ್ತಾರೆ, ಅಜ್ಜಿ ಜಾರಬಾರದು ಅಂತ ಅಲ್ಲಿಯವರು ಅಂದರು. ಬೇಡ, ಅವಳೇ ಹಾಕಲಿ ಅಂದೆ. 1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಅನ್ನುವ ಮನಶ್ಶಾಸ್ತ್ರಜ್ಞೆಯರು ಅಮೆರಿಕದ ಒಂದು ನರ್ಸಿಂಗ್ ಹೋಮಿನಲ್ಲಿ ಮಾಡಿದ ಅಧ್ಯಯನ ಇದೆ. ಒಂದು ಮಹಡಿಯವರಿಗೆ ಗಿಡ ಕೊಟ್ಟು ನೋಡಿಕೊಳ್ಳೋದು ನಿಮ್ಮ ಹೊಣೆ, ನಿಮ್ಮ ರೂಮಿನ ವಿಷಯ ನೀವೇ ತೀರ್ಮಾನಿಸಿ ಅಂದರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ಆದರೆ ನೀರು ನರ್ಸ್‌ಗಳೇ ಹಾಕುತ್ತಾರೆ ಅಂದರು. ಮೂರು ವಾರದಲ್ಲೇ ಮೊದಲನೆಯವರು ಜಾಸ್ತಿ ಚುರುಕಾಗಿದ್ದರು, ಜಾಸ್ತಿ ಖುಷಿಯಾಗಿದ್ದರು. ಇದನ್ನು ನಾನು ಮ್ಯಾನೇಜರ್‌ಗೆ ಹೇಳಿದೆ. ಕೊನೆಗೆ ಕುಂಡಗಳನ್ನು ಕಿಟಕಿಯ ಕಟ್ಟೆಯ ಮೇಲೆ, ಬಗ್ಗಬೇಕಾಗದ ಎತ್ತರಕ್ಕೆ ಇಟ್ಟರು. ಕೂತೇ ನೀರು ಹಾಕಬಹುದು.

ಒಂದು ತಿಂಗಳು ಮುಗಿದಾಗ ನಾವು ಏನೂ ಹೇಳಲಿಲ್ಲ. ಅವಳೇ ಹೇಳಲಿ ಅಂತ ಕಾದೆವು. "ಇನ್ನೊಂದು ತಿಂಗಳು ನೋಡ್ತೀನಿ" ಅಂದಳು. ಅದಾದ ಮೇಲೆ ಆ ಮಾತೇ ಎತ್ತಿಲ್ಲ. ಅಣ್ಣ ಪ್ರತಿ ಭಾನುವಾರ ಬರುತ್ತಾನೆ. ಮೂರು ತಿಂಗಳಿಗೊಮ್ಮೆ ನಾವು ಮೂವರೂ ಅವಳ ಜೊತೆ ಕೂತು ಆ ಆರು ಪ್ರಶ್ನೆಗಳನ್ನು ಮತ್ತೆ ಕೇಳಿಕೊಳ್ಳುತ್ತೇವೆ. ಹೋದ ಸಲ ಬಟ್ಟೆ ಹಾಕಿಕೊಳ್ಳೋದಕ್ಕೂ ಸ್ವಲ್ಪ ಸಹಾಯ ಬೇಕಾಗಿದೆ ಅಂತ ಬಂತು. ಬರೆದುಕೊಂಡೆವು.

ನೋಟ್‌ಬುಕ್ ತನ್ನ ಹತ್ತಿರವೇ ಇರಲಿ ಅಂತ ಅಮ್ಮ ಇಟ್ಟುಕೊಂಡಿದ್ದಾಳೆ. ಈಗ ಅವಳೇ ಬರೆಯುತ್ತಾಳೆ, ಅಕ್ಷರ ಸ್ವಲ್ಪ ನಡುಗುತ್ತದೆ. ಹೋದ ವಾರ ಹೋದಾಗ ತಿರುವಿ ನೋಡಿದೆ. ಹಗಲಿನ ಸಾಲುಗಳು ತುಂಬಾ ಕಡೆ ಖಾಲಿ, ಬರೆಯಲು ಪುರುಸೊತ್ತಿಲ್ಲ ಅಂದಳು. ರಾತ್ರಿಯದ್ದು ಮಾತ್ರ ತಪ್ಪಿಸಿಲ್ಲ. ಮಂಗಳವಾರದ ಪುಟದಲ್ಲಿ ಹೀಗಿತ್ತು: "8.00, ಒಂದು ಲೋಟ ನೀರು. 2.10, ಬೆಲ್. 3 ನಿಮಿಷಕ್ಕೆ ಬಂದರು. ಬೈಯಲಿಲ್ಲ."